ಟ್ರಕ್ ಟಿಕ್ ಟಿಕ್ ಅಂತಿದ್ಯಾ? ಎಕ್ಸಾಸ್ಟ್ ಲೀಕಾ, ಕ್ಯಾಮ್ ಹೋಗಿದ್ಯಾ ಅಂತ ಮನೇಲೇ ಕಂಡುಹಿಡಿಯೋದು

ಇಲ್ಲಿ ಮಿಷಿಗನ್ನಲ್ಲಿ ಜನವರಿ ಬೆಳಿಗ್ಗೆ ಮೈನಸ್ 15 ಡಿಗ್ರಿ ಅನ್ನೋದು ದೊಡ್ಡ ವಿಷಯ ಅಲ್ಲ, ಅಂಥದ್ದೇ ಒಂದು ಬೆಳಿಗ್ಗೆ ನನ್ನ ಹಳೇ ವಿ8 ಪಿಕಪ್ ಟ್ರಕ್ಕಿಗೆ ಸೆಲ್ಫ್ ಹೊಡೆದೆ, ಸ್ಟಾರ್ಟ್ ಆಯ್ತು, ಜೊತೆಗೇ ಡ್ರೈವರ್ ಸೈಡಿಂದ ಹೊಲಿಗೆ ಮಿಷಿನ್ ಥರ ಟಿಕ್ ಟಿಕ್ ಟಿಕ್ ಅಂತ ಸದ್ದು. ಹತ್ತು ನಿಮಿಷ ಓಡ್ಸಿದ್ಮೇಲೆ ಸದ್ದೇ ಇಲ್ಲ. ಸಾಯಂಕಾಲ ಆಫೀಸಿಂದ ಹೊರಡೋವಾಗ ಮತ್ತೆ ಅದೇ. ಒಂದು ವರ್ಕ್‌ಶಾಪಿಗೆ ತಗೊಂಡು ಹೋದೆ, ಬಾನೆಟ್ ಎತ್ತಿ ಎರಡು ನಿಮಿಷ ಕೇಳಿ "ಲಿಫ್ಟರ್ ಹೋಗಿದೆ, ಕ್ಯಾಮ್ ಕೂಡ ಸವೆದಿರುತ್ತೆ, ಹೆಡ್ ಬಿಚ್ಬೇಕು" ಅಂತ ಹೇಳಿ 4,600 ಡಾಲರ್ ಎಸ್ಟಿಮೇಟ್ ಕೈಗೆ ಕೊಟ್ರು. (ಕ್ಯಾಮ್ ಅಂದ್ರೆ ವಾಲ್ವುಗಳನ್ನ ತೆರೆಯೋ ಉಬ್ಬುಗಳಿರೋ ಶಾಫ್ಟ್, ಲಿಫ್ಟರ್ ಅಂದ್ರೆ ಆ ಉಬ್ಬಿನ ಮೇಲೆ ಕೂತು ಏರಿಳಿಯೋ ಭಾಗ, ಹೆಡ್ ಅಂದ್ರೆ ಸಿಲಿಂಡರುಗಳ ಮೇಲೆ ಕೂರೋ, ವಾಲ್ವುಗಳಿರೋ ಭಾಗ.) ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಆಮೇಲೆ ಎರಡು ವೀಕೆಂಡ್ ಕೂತು ಒಂದೊಂದೇ ಟೆಸ್ಟ್ ಮಾಡ್ದಾಗ ಸಿಕ್ಕಿದ್ದು ಏನು ಅಂದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೆಡ್ಡಿಂದ ಸುಟ್ಟ ಗ್ಯಾಸ್ ಹೊರಗೆ ತರೋ ಕೊಳವೆಗಳು) ಕೊನೇ ಬೋಲ್ಟು, ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿಗೂ ನಡುವಿನ ಗೋಡೆ) ಕಡೆದು, ತಲೆ ಮುರಿದು ಬಿದ್ದುಹೋಗಿತ್ತು. ಕ್ಯಾಮು ಲಿಫ್ಟರು ಎಲ್ಲ ಚೆನ್ನಾಗೇ ಇತ್ತು. ಅದಕ್ಕೇ ಇದನ್ನ ಪೂರ್ತಿ ಬರೀತಿದೀನಿ, ಯಾಕಂದ್ರೆ ಈ ಎರಡು ಸದ್ದು ಕಿವಿಗೆ ಒಂದೇ ಥರ ಕೇಳುತ್ತೆ, ರಿಪೇರಿ ಖರ್ಚು ಮಾತ್ರ ಆಕಾಶ ಭೂಮಿ ವ್ಯತ್ಯಾಸ.

ಮೊದಲು ಒಂದು ಮಾತು. ಊರಲ್ಲಿ ನಾವು ಸೈಲೆನ್ಸರ್ ಅನ್ನೋದನ್ನ ಇಲ್ಲಿ ಮಫ್ಲರ್ ಅಂತಾರೆ, ನಾನು ಸೈಲೆನ್ಸರ್ ಅಂತಾನೇ ಬರೀತೀನಿ. ಊರಿನ ಮೆಕ್ಯಾನಿಕ್ ಟ್ಯಾಪೆಟ್ ಸೌಂಡ್ ಅಂತಾರಲ್ಲ, ಇಲ್ಲಿ ಲಿಫ್ಟರ್ ಟಿಕ್ ಅನ್ನೋದು ಅದರ ತಮ್ಮ ಇದ್ದಂಗೆ, ಆದ್ರೆ ಈ ಟ್ರಕ್ಕುಗಳ ಪುಶ್‌ರಾಡ್ ವಿ8ಗಳಲ್ಲಿ (ಕೆಳಗಿರೋ ಕ್ಯಾಮ್ ಉದ್ದ ಕಡ್ಡಿಗಳ ಮೂಲಕ ವಾಲ್ವ್ ತೆರೆಯೋ ಇಂಜಿನ್) ಇರೋದು ಹೈಡ್ರಾಲಿಕ್ ಲಿಫ್ಟರ್, ಆಯಿಲ್ ಪ್ರೆಶರಲ್ಲಿ ತಾನೇ ಗ್ಯಾಪ್ ತುಂಬ್ಕೊಳ್ಳುತ್ತೆ, ಹಾಗಾಗಿ ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಅಡ್ಜಸ್ಟ್ ಮಾಡೋ ಪ್ರಶ್ನೆನೇ ಬರಲ್ಲ.

ದನಿ ಎಕ್ಸಾಸ್ಟಿಂದು, ತಾಳ ಕ್ಯಾಮಿಂದು

ದೋಷ ಹುಡುಕೋಕೆ ಮುಂಚೆ ಸರಿಯಾಗಿರೋ ಸೌಂಡ್ ಎಲ್ಲಿಂದ ಬರುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಮುಗೀತು. ನಾನು ಮನಸ್ಸಲ್ಲಿ ಇಟ್ಕೊಂಡಿರೋದು ಇಷ್ಟೇ: ಎಕ್ಸಾಸ್ಟ್ ಬದಲಾಯಿಸಿದ್ರೆ ದನಿ ಬದಲಾಗುತ್ತೆ, ಕ್ಯಾಮ್ ಬದಲಾಯಿಸಿದ್ರೆ ತಾಳ ಬದಲಾಗುತ್ತೆ. ಸೈಲೆನ್ಸರ್ ಎಷ್ಟೇ ದುಡ್ಡಿಂದು ಹಾಕಿದ್ರೂ ಸ್ಟಾಕ್ (ಕಂಪನಿಯಿಂದಲೇ ಬಂದ) ಕ್ಯಾಮ್ ಇರೋ ಇಂಜಿನ್ ಐಡ್ಲಿಂಗಲ್ಲಿ ಗುಡ್... ಗುಡುಗುಡು... ಗುಡ್ ಅಂತ ಕುಂಟೋದಿಲ್ಲ. ಅದೇ ಥರ ದೊಡ್ಡ ಕ್ಯಾಮ್ ಹಾಕಿಯೂ ಸ್ಟಾಕ್ ಸೈಲೆನ್ಸರ್ ಹಂಗೇ ಬಿಟ್ರೆ ಕುಂಟೋ ತಾಳ ಇರುತ್ತೆ, ಆದ್ರೆ ದನಿ ಮುಚ್ಚಿಕೊಂಡೇ ಇರುತ್ತೆ.

ನಮ್ಮ ಸೋದರಮಾವನ ಹತ್ರ ಯೆಜ್ಡಿ ಇತ್ತು, ಮೈಸೂರಲ್ಲಿ ಐಡಿಯಲ್ ಜಾವಾ ಫ್ಯಾಕ್ಟ್ರೀಲಿ ಆಗಿದ್ದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಗಾಡಿ, ಅದರಲ್ಲಿ ಕ್ಯಾಮ್ ಶಾಫ್ಟೇ ಇಲ್ಲ, ವಾಲ್ವೂ ಇಲ್ಲ. ಮಾವ ಸೈಲೆನ್ಸರ್ ಒಳಗಿನ ಬಾಫಲ್ ತೆಗೆದು ಕಾರ್ಬನ್ ಸುಟ್ಟು ಮತ್ತೆ ಹಾಕೋರು, ಬಾಫಲ್ ಇಲ್ಲದೇ ಒಂದು ರೌಂಡ್ ಹೋದ್ರೆ ಬೀದಿ ಪೂರ್ತಿ ತಿರುಗಿ ನೋಡೋದು. ದನಿ ಅಷ್ಟು ಬದಲಾದ್ರೂ ಐಡ್ಲಿಂಗ್ ತಾಳ ಮಾತ್ರ ಅದೇ ಇರ್ತಿತ್ತು. ನಂಗೆ ಈ ದನಿ ತಾಳದ ಲೆಕ್ಕ ಹೊಳೆದಿದ್ದೇ ಅದನ್ನ ನೆನೆಸ್ಕೊಂಡಾಗ.

ಇನ್ನು ವಿ8 ಗುಡುಗುಡು ಎಲ್ಲಿಂದ ಬರುತ್ತೆ ಅಂದ್ರೆ, ಸೈಲೆನ್ಸರಿಗೂ ಕ್ಯಾಮಿಗೂ ಮುಂಚೆ ಫೈರಿಂಗ್ ಆರ್ಡರಿಂದ, ಅಂದ್ರೆ ಸಿಲಿಂಡರುಗಳು ಒಂದಾದ್ಮೇಲೊಂದು ಉರಿಯೋ ಕ್ರಮದಿಂದ. ಚೆವಿ ಟ್ರಕ್ ಮಾಡೋ ಜನರಲ್ ಮೋಟಾರ್ಸಿನ ವಿ8 ಸರಣಿಯಾದ ಎಲ್‌ಎಸ್ ಇಂಜಿನ್ನುಗಳಲ್ಲಿ ಅದು 1-8-7-2-6-5-4-3. ಬೆಸ ನಂಬರ್ ಸಿಲಿಂಡರ್ ಎಲ್ಲ ಡ್ರೈವರ್ ಸೈಡು, ಸಮ ನಂಬರ್ ಎಲ್ಲ ಪಕ್ಕದ ಸೀಟಿನ ಸೈಡು. ಇಂಜಿನ್ ಒಟ್ಟಾರೆ 90 ಡಿಗ್ರಿಗೆ ಒಂದು ಸಲ ಸರಿಯಾಗಿ ಫೈರ್ ಆಗುತ್ತೆ, ಆದ್ರೆ ಒಂದೇ ಸೈಡ್ ತಗೊಂಡು ನೋಡಿದ್ರೆ ಅದರ ಗ್ಯಾಪ್ 180, 270, 180, 90, ಒಂದು ಸಲ ಹತ್ರ ಒಂದು ಸಲ ದೂರ. ಆ ಏರುಪೇರೇ ಅಮೆರಿಕನ್ ವಿ8ನ ಗುಡುಗುಡು. ಎರಡೂ ಸೈಡಿನ ಪೈಪುಗಳನ್ನ ಎಕ್ಸ್ ಪೈಪ್ ಹಾಕಿ ಬೆರೆಸಿದ್ರೆ ದನಿ ಸ್ವಲ್ಪ ನುಣ್ಣಗೆ ಮೇಲಕ್ಕೆ ಹೋಗುತ್ತೆ, ಬೆರೆಸದೇ ಬಿಟ್ರೆ ಒರಟಾಗಿರುತ್ತೆ. ಫೋರ್ಡ್ ಎಫ್-150ಯ 3.5 ಲೀಟರ್ ಇಕೋಬೂಸ್ಟ್ ಥರ ವಿ6 ಟರ್ಬೋ ಆದ್ರೆ ಕಥೆನೇ ಬೇರೆ, ಟರ್ಬೈನ್ ಆ ಪಲ್ಸುಗಳನ್ನ ಅರ್ಧಕ್ಕರ್ಧ ನುಂಗಿಬಿಡುತ್ತೆ, ಅದಕ್ಕೆ ಎಂಥ ಸೈಲೆನ್ಸರ್ ಹಾಕಿದ್ರೂ ವಿ8 ದನಿ ಬರಲ್ಲ, ಅದಕ್ಕೆ ದುಡ್ಡು ಸುರೀಬೇಡಿ ಅಂತ ಮನಸಾರೆ ಹೇಳ್ತೀನಿ.

ಟಿಕ್ ಟಿಕ್ ಎಣಿಸಿದ್ರೆ ಗೊತ್ತಾಗೋದೇನು, ಗೊತ್ತಾಗ್ದೇ ಇರೋದೇನು

ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ ತಿರುಗುತ್ತೆ. ಐಡ್ಲಿಂಗ್ 600 ಆರ್‌ಪಿಎಂ ಅಂತ ಇಟ್ಕೊಳ್ಳಿ, ಕ್ಯಾಮ್ 300, ಅಂದ್ರೆ ಒಂದು ವಾಲ್ವ್ ಸೆಕೆಂಡಿಗೆ 5 ಸಲ ತೆರೆಯುತ್ತೆ. ಒಂದು ಲಿಫ್ಟರ್ ಕೆಟ್ಟಿದ್ರೆ ಸೆಕೆಂಡಿಗೆ 5 ಟಿಕ್. ಕ್ರ್ಯಾಂಕ್ ಕಡೆದು, ಅಂದ್ರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ರೆ ಸೆಕೆಂಡಿಗೆ 10, ದಪ್ಪ ಸದ್ದು, ಠಕ್ ಠಕ್ ಅಂತ ಕೆಳಗಡೆಯಿಂದ ಬರುತ್ತೆ, ಹಾಗಿದ್ರೆ ಇಂಜಿನ್ ಆಫ್ ಮಾಡಿ, ಓಡಿಸ್ಲೇಬೇಡಿ. ಫೋನಲ್ಲಿ 10 ಸೆಕೆಂಡ್ ರೆಕಾರ್ಡ್ ಮಾಡಿ ನಿಧಾನ ಸ್ಪೀಡಲ್ಲಿ ಪ್ಲೇ ಮಾಡಿದ್ರೆ ಎಣಿಸಬಹುದು, 50ರ ಹತ್ರ ಇದ್ಯಾ 100ರ ಹತ್ರ ಇದ್ಯಾ ಅಂತ.

ಆದ್ರೆ ತುಂಬ ಜನ ಎಡವೋದು ಇಲ್ಲೇ. ಒಂದು ಸಿಲಿಂಡರಿನ ಎಕ್ಸಾಸ್ಟ್ ಲೀಕ್ ಕೂಡ ಎರಡು ಸುತ್ತಿಗೆ ಒಂದೇ ಸಲ ಬುಸ್ ಅನ್ನೋದು, ಅಂದ್ರೆ ಅದೂ ಸೆಕೆಂಡಿಗೆ 5. ಎಣಿಸಿ "ಅರ್ಧ ಸ್ಪೀಡಲ್ಲಿದೆ, ಹಾಗಾದ್ರೆ ಕ್ಯಾಮ್ ಸದ್ದೇ" ಅಂತ ತೀರ್ಮಾನ ಮಾಡೋದು ತಪ್ಪು. ನನ್ನ ಟ್ರಕ್ ನೋಡಿದೋರು ಮಾಡಿದ್ದೂ ಅದನ್ನೇ ಅನ್ಸುತ್ತೆ. ಎಣಿಕೆ ಕ್ರ್ಯಾಂಕನ್ನ ಲಿಸ್ಟಿಂದ ತೆಗೆಯುತ್ತೆ, ಎಕ್ಸಾಸ್ಟನ್ನೂ ಕ್ಯಾಮನ್ನೂ ಬೇರೆ ಮಾಡಲ್ಲ. ಬೇರೆ ಮಾಡೋಕೆ ಶಾಖ, ಲೋಡು, ಸಿಲಿಂಡರ್ ಕಟ್ ಮಾಡಿ ನೋಡೋದು, ಈ ಮೂರು ಬೇಕು.

ಶಾಖದ್ದು ಸುಲಭ. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿ ಸ್ಟಾರ್ಟ್ ಮಾಡಿ ಬಾನೆಟ್ ಎತ್ಕೊಂಡು ಪಕ್ಕದಲ್ಲೇ ನಿಂತ್ಕೊಳ್ಳಿ. ಟಿಕ್ ಎರಡು ಸೆಕೆಂಡಿಂದ ಹತ್ತು ಸೆಕೆಂಡ್ ಒಳಗೆ ನಿಂತ್ರೆ ಅದು ಲಿಫ್ಟರಿಂದ ರಾತ್ರಿ ಆಯಿಲ್ ಇಳಿದುಹೋಗಿ ಮತ್ತೆ ತುಂಬ್ಕೊಳ್ಳೋದು, ಅಷ್ಟಕ್ಕೆ ಗಾಬರಿ ಬೇಡ. ಐದು ಹತ್ತು ನಿಮಿಷ ಇದ್ದು ಇಂಜಿನ್ ಕಾದಂಗೆಲ್ಲ ಕಮ್ಮಿ ಆಗ್ತಾ ಹೋಗಿ ಮಾಯ ಆದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಲೀಕ್ ಅನ್ನೋಕೆ ಬಲವಾದ ಸಾಕ್ಷಿ, ಯಾಕಂದ್ರೆ ಲೋಹ ಹಿಗ್ಗಿ ಗ್ಯಾಪ್ ಮುಚ್ಕೊಳ್ಳುತ್ತೆ. ಕಾದ ಮೇಲೆ ಜಾಸ್ತಿ ಆದ್ರೆ, ಅಥವಾ ಬಿಸಿ ತಣ್ಣಗೆ ಲೆಕ್ಕಕ್ಕೇ ಬರದೆ ಯಾವಾಗ್ಲೂ ಇದ್ರೆ ಆಗ ಲಿಫ್ಟರ್, ಕ್ಯಾಮ್ ಕಡೆ ಗಮನ ಕೊಡಿ, ಬಿಸಿ ಆಯಿಲ್ ತೆಳ್ಳಗಾಗಿ ಸವೆದ ಜಾಗ ಸದ್ದು ಮಾಡುತ್ತೆ. ಫೋರ್ಡಿನ ಹಳೇ 5.4 ಟ್ರೈಟನ್ ಮೂರು ವಾಲ್ವಿನ ಇಂಜಿನ್ (2004ರಿಂದ 2010ರ ಎಫ್-150) ಇರೋರಿಗೆ ಇದು ಗೊತ್ತಿರುತ್ತೆ, ಪೂರ್ತಿ ಬಿಸಿಯಾದ್ಮೇಲೆ ಸಿಗ್ನಲಲ್ಲಿ ನಿಂತಾಗ ಡೀಸಲ್ ಗಾಡಿ ಥರ ಟಕ ಟಕ ಅನ್ನೋದು, ಅದು ಕ್ಯಾಮ್ ತುದೀಲಿರೋ ಫೇಸರ್ (ವಾಲ್ವ್ ತೆರೆಯೋ ಸಮಯ ಹಿಂದೆ ಮುಂದೆ ಮಾಡೋ ಭಾಗ) ಸದ್ದು, ಲಿಫ್ಟರೂ ಅಲ್ಲ ಎಕ್ಸಾಸ್ಟೂ ಅಲ್ಲ.

ಲೋಡ್ ಟೆಸ್ಟ್ ಅಂದ್ರೆ, ತಣ್ಣಗಿದ್ದಾಗಲೇ ನಿಧಾನ ಏರು ಹತ್ತಿಸಿ ಕಿಟಕಿ ಇಳಿಸ್ಕೊಂಡು ಒಂದು ಗೋಡೆ ಪಕ್ಕದಲ್ಲಿ ಹೋಗಿ. ಪೆಡಲ್ ಒತ್ತಿದಾಗ ಟಿಕ್ ಜೋರಾಗಿ ಚಟ್ ಚಟ್ ಅಂತಾಗಿ, ಕಾಲು ತೆಗೆದ ಕೂಡ್ಲೇ ಸತ್ತುಹೋದ್ರೆ ಅದು ಗ್ಯಾಸ್, ಅಂದ್ರೆ ಎಕ್ಸಾಸ್ಟ್. ಲಿಫ್ಟರಿಗೆ ಲೋಡಿನ ಪರಿವೆ ಅಷ್ಟಾಗಿ ಇಲ್ಲ, ಅದು ಆರ್‌ಪಿಎಂ ಜೊತೆ ಹೋಗುತ್ತೆ. ನಿಂತಲ್ಲೇ ರೇಸ್ ಕೊಟ್ಟು ನೋಡಿದ್ರೆ ಇದು ತಿಳಿಯಲ್ಲ, ಇಂಜಿನ್ ಮೇಲೆ ಭಾರ ಬೀಳ್ಲೇಬೇಕು.

ಮೂರನೇದು ನಂಗೆ ಅತಿ ಇಷ್ಟ ಆಗಿದ್ದು. ಅನುಮಾನ ಇರೋ ಸೈಡಿನ ಒಂದೊಂದೇ ಸಿಲಿಂಡರ್ ಫೈರ್ ಆಗದಂಗೆ ಮಾಡಿ ಕೇಳೋದು. ಪೋರ್ಟ್ ಇಂಜೆಕ್ಷನ್ ಇಂಜಿನ್ ಆದ್ರೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೇ ಚಿಮ್ಮೋದು) ಆದ್ರೆ ಕೈ ಹೋಗಲ್ಲ, ಸ್ಕ್ಯಾನರಲ್ಲಿ ಸಿಲಿಂಡರ್ ಬ್ಯಾಲೆನ್ಸ್ ಟೆಸ್ಟ್ ಇದ್ರೆ ಅದನ್ನ ಉಪಯೋಗಿಸಿ. ಕಾಯಿಲ್ ಬಿಚ್ಚೋದಾದ್ರೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಡ, ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತೆ. ಆ ಸಿಲಿಂಡರಲ್ಲಿ ಬೆಂಕಿ ನಿಂತ ಕೂಡ್ಲೇ ಟಿಕ್ ನಿಂತ್ರೆ ಅಥವಾ ತುಂಬ ಕಮ್ಮಿ ಆದ್ರೆ ಲೀಕ್ ಅಲ್ಲೇ ಇದೆ, ಯಾಕಂದ್ರೆ ಹೊರಗೆ ನುಗ್ಗೋಕೆ ಪ್ರೆಶರೇ ಇಲ್ಲ. ಟಿಕ್ ಹಂಗೇ ಇದ್ರೆ ಕ್ಯಾಮು ತಿರುಗ್ತಾನೇ ಇದೆ ಅಲ್ವಾ, ಸದ್ದು ಲೋಹದ್ದು. ನನ್ನ ಗಾಡೀಲಿ 7ನೇ ಸಿಲಿಂಡರ್ ಕನೆಕ್ಟರ್ ಎಳೆದೆ, ಇಂಜಿನ್ ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡ್ತು, ಟಿಕ್ ಟಿಕ್ ಪೂರ್ತಿ ಮಾಯ. ಅವತ್ತು ಆ ಚಳೀಲಿ ಒಬ್ನೇ ಗ್ಯಾರೇಜ್ ಮುಂದೆ ನಿಂತು ಎಷ್ಟು ಹಗುರ ಆಯ್ತು ಅಂತ ಹೇಳೋಕಾಗಲ್ಲ.

ಇದನ್ನೆಲ್ಲ ಮಾಡೋವಾಗ ಒಂದು ಎಚ್ಚರ, ದಯವಿಟ್ಟು ಕೇಳಿ. ಗ್ಯಾರೇಜ್ ಬಾಗಿಲು ಹಾಕ್ಕೊಂಡು ಇಂಜಿನ್ ಓಡಿಸ್ಬೇಡಿ, ಬಾಗಿಲು ಅರ್ಧ ತೆಗೆದ್ರೂ ಸಾಲಲ್ಲ, ಗಾಡಿ ಹೊರಗೆ ತನ್ನಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಲೀಕ್ ಹುಡುಕೋ ಗಾಡೀಲಿ ಅದು ನಿಮ್ಮ ಮುಖದ ಹತ್ರನೇ ಬರ್ತಿರುತ್ತೆ. ಗಾಡಿ ಅಡಿಗೆ ಹೋಗೋದಾದ್ರೆ ಬರೀ ಜ್ಯಾಕ್ ನಂಬ್ಬೇಡಿ, ಸ್ಟ್ಯಾಂಡ್ ಹಾಕಿ.

ಲೀಕ್ ಎಲ್ಲಿ ಅಂತ ಕಣ್ಣಲ್ಲಿ ನೋಡೋದು

ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಟಾರ್ಚ್ ಹಿಡ್ಕೊಂಡು ಚಕ್ರದ ಗೂಡಿನ ಕಡೆಯಿಂದ ಮ್ಯಾನಿಫೋಲ್ಡ್ ನೋಡಿ, ಹೆಡ್ಡಿಗೆ ಸೇರೋ ಜಾಗದಲ್ಲಿ ಕರೀ ಮಸಿ ಗೆರೆ ಇದ್ರೆ ಅಲ್ಲಿಂದಾನೇ ಗ್ಯಾಸ್ ಹೋಗ್ತಿದೆ. ಬೋಲ್ಟು ಎಣಿಸಿ. ಮುರಿಯೋದು ಹೆಚ್ಚಾಗಿ ಮೊದಲನೇದು ಅಥವಾ ಕೊನೇದು, ಅದರಲ್ಲೂ ಹಿಂದಿನದು, ಚೆವಿ 5.3ಯಲ್ಲೂ ರಾಮ್ 5.7 ಹೆಮಿಯಲ್ಲೂ ಇದನ್ನ ಮೆಕ್ಯಾನಿಕ್ಕುಗಳು ಮೊದಲು ನೋಡ್ತಾರೆ. ಕಾರಣ ಸರಳ, ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಬೀಡು ಕಬ್ಬಿಣ, ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತೆ, ನಡುವಿನ ಬೋಲ್ಟಿಗಿಂತ ತುದೀಲಿರೋ ಬೋಲ್ಟ್ ಮೇಲೆ ಆ ಎಳೆದಾಟ ಜಾಸ್ತಿ, ದಿನಾ ಬಿಸಿ ತಣ್ಣಗೆ ಆಗಿ ಆಗಿ ಒಂದಿನ ತಲೆ ಟಪ್ ಅಂತ ಹಾರುತ್ತೆ. ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಹಾಕ್ತಾರೆ, ತುಕ್ಕೂ ಸೇರ್ಕೊಳ್ಳುತ್ತೆ.

ಕಣ್ಣಿಗೆ ಕಾಣದಿದ್ರೆ ಒಂದು ಉಪಾಯ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಗೆ ಊದೋ ಬಾಯಿಗೆ ಪೈಪ್ ಹಾಕಿ, ಬಟ್ಟೆ ಸುತ್ತಿ ಹಿಂದಿನ ಸೈಲೆನ್ಸರ್ ಪೈಪಿಗೆ ತುರುಕಿ ಆನ್ ಮಾಡಿ, ಇಂಜಿನ್ ಆಫ್ ಇರ್ಲಿ, ತಣ್ಣಗಿರ್ಲಿ. ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರನ್ನ ಎಲ್ಲ ಜಾಯಿಂಟಿಗೂ ಸ್ಪ್ರೇ ಮಾಡಿ, ಎಲ್ಲಿ ಗುಳ್ಳೆ ಏಳುತ್ತೋ ಅಲ್ಲೇ ಲೀಕ್. ಇಂಜಿನ್ ಓಡ್ತಿರೋವಾಗ ಆದ್ರೆ ಮೂರು ಅಡಿ ರಬ್ಬರ್ ಹೋಸ್ ಒಂದು ತುದಿ ಕಿವಿ ಹತ್ರ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಸುತ್ತ ಆಡಿಸಿ, ಗ್ಯಾಸ್ ಲೀಕ್ ಹೋಸಲ್ಲಿ ಸ್ಪಷ್ಟ ಕೇಳುತ್ತೆ. ಲಿಫ್ಟರ್ ಸದ್ದಿಗೆ ಹೋಸ್ ಅಲ್ಲ, ಉದ್ದ ಸ್ಕ್ರೂಡ್ರೈವರ್ ಅಥವಾ ಮೆಕ್ಯಾನಿಕ್ ಸ್ಟೆತಸ್ಕೋಪ್ ವಾಲ್ವ್ ಕವರ್ ಮೇಲೆ ಇಟ್ಟು ಕೇಳ್ಬೇಕು, ಗಾಳೀಲಿ ಬರೋ ಸದ್ದು ಬೇರೆ, ಲೋಹದಲ್ಲಿ ಬರೋ ಸದ್ದು ಬೇರೆ.

ಸ್ಕ್ಯಾನರ್ ಇದ್ರೆ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ಒಂದು ಸಲ ನೋಡಿ. ಪ್ರತಿ ಪಲ್ಸ್ ಆದ್ಮೇಲೆ ಪೈಪಲ್ಲಿ ಕ್ಷಣ ಹೊತ್ತು ಪ್ರೆಶರ್ ಹೊರಗಿನ ಗಾಳಿಗಿಂತ ಕೆಳಗೆ ಹೋಗುತ್ತೆ, ಆಗ ಲೀಕಿಂದ ಹೊರಗಿನ ಗಾಳಿ ಒಳಗೆ ಹೋಗಿ ಆಕ್ಸಿಜನ್ ಸೆನ್ಸರಿಗೆ ಸುಳ್ಳು ಹೇಳುತ್ತೆ, ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಆಗಿದೆ ಅಂದ್ಕೊಂಡು ಜಾಸ್ತಿ ಹಾಕುತ್ತೆ. ಪಿ0171 ಅನ್ನೋ ಕೋಡ್ ಬಂದ್ರೆ ಬ್ಯಾಂಕ್ 1 (ಒಂದನೇ ಸಿಲಿಂಡರ್ ಇರೋ ಸಾಲು), ಪಿ0174 ಬಂದ್ರೆ ಬ್ಯಾಂಕ್ 2. ಚೆವಿ, ರಾಮ್ ವಿ8ಗಳಲ್ಲಿ ಬ್ಯಾಂಕ್ 1 ಡ್ರೈವರ್ ಸೈಡು, ಫೋರ್ಡಲ್ಲಿ ಪಕ್ಕದ ಸೀಟಿನ ಸೈಡು. ಎರಡೂ ಬ್ಯಾಂಕ್ ಒಟ್ಟಿಗೆ ಬಂದ್ರೆ ಇಂಟೇಕ್ ಕಡೆ ವ್ಯಾಕ್ಯೂಮ್ ಲೀಕ್ ನೋಡಿ, ಒಂದೇ ಬ್ಯಾಂಕ್ ಬಂದ್ರೆ ಆ ಸೈಡಿನ ಮ್ಯಾನಿಫೋಲ್ಡ್ ಮೇಲೆ ಅನುಮಾನ ಪಡಿ.

ಸದ್ದಿದೆ, ದೋಷ ಇಲ್ಲ

ಇದನ್ನೂ ಹೇಳ್ಬೇಕು, ಯಾಕಂದ್ರೆ ಸರಿಯಾಗಿರೋ ಇಂಜಿನ್ ಬಿಚ್ಚಿದೋರನ್ನ ನೋಡಿದೀನಿ. 2014ರಿಂದ ಈಚಿನ ಚೆವಿ ಸಿಲ್ವರಾಡೋ 1500ರ ಪೆಟ್ರೋಲ್ ಇಂಜಿನ್ನುಗಳು ಡೈರೆಕ್ಟ್ ಇಂಜೆಕ್ಷನ್, ಹೈ ಪ್ರೆಶರ್ ಪಂಪನ್ನ ಕ್ಯಾಮ್ ಶಾಫ್ಟೇ ಓಡಿಸುತ್ತೆ, ಆ ಪಂಪೂ ಇಂಜೆಕ್ಟರೂ ಸೇರಿ ಸಣ್ಣಗೆ ಚಿಟ ಚಿಟ ಅಂತಾನೇ ಇರುತ್ತೆ. ಅದು ವೇಗವಾಗಿ, ಸಮವಾಗಿ, ಎಲ್ಲ ಸಿಲಿಂಡರ್ ಕಡೆಯಿಂದಾನೂ ಬರೋ ಸದ್ದು, ಒಂದೇ ಜಾಗದಿಂದ ಸೆಕೆಂಡಿಗೆ ಐದು ಅಂತ ಎದ್ದು ಕೇಳಲ್ಲ.

ಇನ್ನೊಂದು, ಹೈವೇಲಿ ಹೋಗ್ತಾ ಹೋಗ್ತಾ ಇದ್ದಕ್ಕಿದ್ದಂಗೆ ದನಿ ದಪ್ಪ ಆಗಿ ಟ್ರ್ಯಾಕ್ಟರ್ ಥರ ಆಗೋದು, ಸ್ವಲ್ಪ ಪೆಡಲ್ ಒತ್ತಿದ್ರೆ ಸರಿ ಹೋಗೋದು. ಅದು ಸಿಲಿಂಡರ್ ಡಿಆಕ್ಟಿವೇಷನ್, ಪೆಟ್ರೋಲ್ ಉಳಿಸೋಕೆ ಅರ್ಧ ಸಿಲಿಂಡರ್ ತಾನೇ ನಿಲ್ಲೋ ವ್ಯವಸ್ಥೆ. ಚೆವಿ 5.3 ಎಎಫ್‌ಎಂ ಇಂಜಿನ್ನಲ್ಲೂ ಹೆಮಿಯ ಎಂಡಿಎಸ್ಸಲ್ಲೂ 1, 4, 6, 7 ಸಿಲಿಂಡರ್ ಮಲಗುತ್ತೆ. ಮೇಲೆ ಹೇಳಿದ ಚೆವಿ ಫೈರಿಂಗ್ ಆರ್ಡರಲ್ಲಿ ಆ ನಾಲ್ಕು ತೆಗೆದು ನೋಡಿ, 8-2-5-3 ಉಳಿಯುತ್ತೆ, ಒಂದು ಬಿಟ್ಟು ಒಂದು, ಸಮ 180 ಡಿಗ್ರಿ, ಅಂದ್ರೆ ನಿಮ್ಮ ವಿ8 ಆ ಹೊತ್ತಿಗೆ ನಿಜವಾಗ್ಲೂ ನಾಲ್ಕು ಸಿಲಿಂಡರ್ ಗಾಡಿ ಥರ ಹಾಡ್ತಿದೆ. 1800 ಆರ್‌ಪಿಎಂನಲ್ಲಿ ವಿ8 ಫೈರಿಂಗ್ ಸೆಕೆಂಡಿಗೆ 120, ನಾಲ್ಕಕ್ಕೆ ಇಳಿದಾಗ 60. ಸ್ಟಾಕ್ ಸೈಲೆನ್ಸರ್ ಈ 60ನ್ನ ಅಡಗಿಸೋಕೆ ಅಂತಾನೇ ಅಷ್ಟು ದೊಡ್ಡದಾಗಿರೋದು, ಅದನ್ನ ತೆಗೆದು ಚಿಕ್ಕದು ಹಾಕಿದ್ರೆ ಕ್ಯಾಬ್ ಒಳಗೆ ತಲೆನೋವು ಬರೋ ಗುಂಯ್ ಗುಂಯ್ ಶುರು. ಇದು ದೋಷ ಅಲ್ಲ, ಆರಿಸ್ಕೊಂಡ ಎಕ್ಸಾಸ್ಟಿನ ಫಲ.

120ರ ಗುಂಯ್ ಆದ್ರೆ ಒಂದು ಮದ್ದು ಇದೆ, ಜೆ ಪೈಪ್ ಅಂತಾರೆ, ಮೇನ್ ಪೈಪಿಗೆ ಪಕ್ಕದಲ್ಲಿ ವೆಲ್ಡ್ ಮಾಡಿದ, ತುದಿ ಮುಚ್ಚಿದ ಕೊಳವೆ. ಅದರ ಉದ್ದ ಶಬ್ದದ ಅಲೆಯ ಕಾಲು ಭಾಗ ಇರ್ಬೇಕು. ಬಿಸಿ ಗ್ಯಾಸಲ್ಲಿ ಶಬ್ದ ಸೆಕೆಂಡಿಗೆ ಸುಮಾರು 450ರಿಂದ 500 ಮೀಟರ್ ಹೋಗುತ್ತೆ, 120ರಿಂದ ಭಾಗಿಸಿ ಮತ್ತೆ ನಾಲ್ಕರಿಂದ ಭಾಗಿಸಿದ್ರೆ 0.94ರಿಂದ 1.04 ಮೀಟರ್, ಅಂದ್ರೆ ಸುಮಾರು ಮೂರೂ ಕಾಲು ಅಡಿ. ಅಲೆ ಒಳಗೆ ಹೋಗಿ ತಿರುಗಿ ಬಂದು ಮೇನ್ ಪೈಪಿನ ಅಲೆಯನ್ನೇ ಅಳಿಸುತ್ತೆ. 60ರ ಗುಂಯ್‌ಗೆ ಇದೇ ಲೆಕ್ಕ ಹಾಕಿದ್ರೆ ಎರಡು ಮೀಟರ್ ಆಗುತ್ತೆ, ಟ್ರಕ್ ಅಡೀಲಿ ಅಷ್ಟು ಜಾಗ ಹುಡುಕೋದು ಕಷ್ಟ.

ಕುಂಟೋ ಐಡ್ಲಿಂಗ್: ಕ್ಯಾಮಾ, ಮಿಸ್ಸಿಂಗಾ

ಕ್ಯಾಮ್ ಬದಲಾಯಿಸಿದ ಟ್ರಕ್ ಸೆಕೆಂಡ್ ಹ್ಯಾಂಡ್ ತಗೊಂಡೋರಿಗೆ ಈ ಗೊಂದಲ ಜಾಸ್ತಿ. ಇಂಟೇಕ್ ವಾಲ್ವ್ ತೆರೆಯೋಕೆ ಶುರುವಾದಾಗ ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚಿರಲ್ಲ, ಎರಡೂ ತೆರೆದಿರೋ ಆ ಹೊತ್ತಿಗೆ ಓವರ್‌ಲ್ಯಾಪ್ ಅಂತಾರೆ. ಐಡ್ಲಿಂಗಲ್ಲಿ ಇಂಟೇಕ್ ಕಡೆ ವ್ಯಾಕ್ಯೂಮ್ ಇರೋದ್ರಿಂದ ಸುಟ್ಟ ಗ್ಯಾಸ್ ವಾಪಸ್ ಒಳಗೆ ಎಳ್ಕೊಂಡು ಹೊಸ ಗಾಳಿ ಜೊತೆ ಬೆರೆಯುತ್ತೆ, ಒಂದು ಸಲ ಚೆನ್ನಾಗಿ ಉರಿಯುತ್ತೆ ಒಂದು ಸಲ ಅರೆಬರೆ ಉರಿಯುತ್ತೆ, ಆ ಏರಿಳಿತವೇ ಕೇಳೋಕೆ ಚೆಂದ ಅನ್ಸೋ ಗುಡುಕು. ಲೆಕ್ಕ ಬೇಕಾದ್ರೆ ಹೀಗೆ: ಇಂಟೇಕ್, ಎಕ್ಸಾಸ್ಟ್ ಎರಡರ ಡ್ಯುರೇಷನ್ (ವಾಲ್ವ್ ತೆರೆದಿರೋ ಹೊತ್ತು, ಕ್ರ್ಯಾಂಕ್ ಡಿಗ್ರಿಯಲ್ಲಿ) ಕೂಡಿಸಿ ನಾಲ್ಕರಿಂದ ಭಾಗಿಸಿ, ಲೋಬ್ ಸೆಪರೇಷನ್ ಆಂಗಲ್ (ಎರಡು ಲೋಬ್, ಅಂದ್ರೆ ಕ್ಯಾಮ್ ಉಬ್ಬುಗಳ ನಡುವಿನ ಕೋನ) ಕಳೆದು, ಎರಡರಿಂದ ಗುಣಿಸಿ. ಹಳೇ 5.3ಯ ಸ್ಟಾಕ್ ಕ್ಯಾಮ್ 0.050 ಇಂಚಿನ ಲೆಕ್ಕದಲ್ಲಿ (ಲಿಫ್ಟರ್ ಅಷ್ಟು ಎದ್ದಾಗಿಂದ ಅಳೆದರೆ) 190/191, ಆಂಗಲ್ 114, ಓವರ್‌ಲ್ಯಾಪ್ ಮೈನಸ್ 37.5, ರೇಷ್ಮೆ ಥರ ಓಡುತ್ತೆ. 218/224, 112 ಅಂದ್ರೆ ಮೈನಸ್ 3, ಕೇಳಿಸೋ ಅಷ್ಟು ಗುಡುಕು. 228/236, 110 ಅಂದ್ರೆ ಪ್ಲಸ್ 12, ಜೋರು ಗುಡುಕು, ಜೊತೆಗೆ ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಹೋಯ್ತು, ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮೂ ಕಮ್ಮಿ. ಟ್ರೈಲರ್ ಎಳೆಯೋ ಟ್ರಕ್ಕಿಗೆ ನಾನಂತೂ ಇದನ್ನ ಬೇಡ ಅಂತೀನಿ.

ಈಗ ದೋಷ ಹುಡುಕೋದು. ಕ್ಯಾಮ್ ಗುಡುಕು ಎಲ್ಲ ಸಿಲಿಂಡರಿಗೂ ಹಂಚಿಕೊಂಡಿರುತ್ತೆ, ತಾಳ ಅಡ್ಡಾದಿಡ್ಡಿ ಇರುತ್ತೆ, 1500-2000 ಆರ್‌ಪಿಎಂ ದಾಟಿದ್ರೆ ನುಣ್ಣಗಾಗುತ್ತೆ. ಮಿಸ್ಸಿಂಗ್ ಒಂದೇ ಸಿಲಿಂಡರಿಂದು, ತಪ್ಪೋ ತಾಳ ಪ್ರತಿ ಎರಡು ಸುತ್ತಿಗೂ ಅದೇ ಜಾಗದಲ್ಲಿ ತಪ್ಪುತ್ತೆ, ಪೆಡಲ್ ಒತ್ತಿ ಭಾರ ಹಾಕಿದ್ರೆ ಇನ್ನೂ ಜಾಸ್ತಿ ಗೊತ್ತಾಗುತ್ತೆ. ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ, ಸ್ಟಾಕ್ ಕ್ಯಾಮಿನ ಒಳ್ಳೇ ಇಂಜಿನ್ 17ರಿಂದ 21 ಇಂಚಿಗೆ (ಪಾದರಸದ ಲೆಕ್ಕ) ಮುಳ್ಳು ಅಲುಗಾಡದೆ ನಿಲ್ಲುತ್ತೆ, ದೊಡ್ಡ ಕ್ಯಾಮಲ್ಲಿ ಮುಳ್ಳು ಕೆಳಗೆ ಇದ್ದು ಅಡ್ಡಾದಿಡ್ಡಿ ನಡುಗುತ್ತೆ, ಒಂದು ವಾಲ್ವಿನ ತೊಂದರೆ ಇದ್ರೆ ಗಡಿಯಾರದಂಗೆ ಲೆಕ್ಕವಾಗಿ ಒಂದೇ ಅಂತರದಲ್ಲಿ ಕೆಳಗೆ ಬೀಳುತ್ತೆ. ಸ್ಕ್ಯಾನರಲ್ಲಿ ಮಿಸ್‌ಫೈರ್ ಕೌಂಟ್ ಒಂದೇ ಸಿಲಿಂಡರಲ್ಲಿ ಏರ್ತಾ ಇದ್ರೆ ಅದು ಕ್ಯಾಮ್ ಗುಡುಕು ಅಲ್ಲವೇ ಅಲ್ಲ.

ಘೋಸ್ಟ್ ಕ್ಯಾಮ್ ಟ್ಯೂನ್ ಅಂತ ಒಂದು ಬಂದಿದೆ, ಕ್ಯಾಮ್ ಸ್ಟಾಕೇ, ಬರೀ ಸಾಫ್ಟ್‌ವೇರಲ್ಲಿ ಸ್ಪಾರ್ಕ್ ಟೈಮಿಂಗ್ ಏರುಪೇರು ಮಾಡಿ ಐಡ್ಲಿಂಗ್ ಇಳಿಸಿ ಗುಡುಕು ಬರ್ಸೋದು. ಐಡ್ಲಿಂಗ್ ತುಂಬ ಇಳಿದ್ರೆ ಆಯಿಲ್ ಪ್ರೆಶರೂ ಇಳಿಯುತ್ತೆ. ಲಿಫ್ಟರಿಗೆ ಆಯಿಲೇ ಜೀವ. ಸೌಂಡಿಗೋಸ್ಕರ ಅದನ್ನ ಕಮ್ಮಿ ಮಾಡೋದು ನಂಗೆ ಸರಿ ಕಾಣಲ್ಲ, ಟ್ಯೂನ್ ವಾಪಸ್ ಸ್ಟಾಕಿಗೆ ಹಾಕಿ ಗುಡುಕು ಹೋಗುತ್ತಾ ನೋಡಿ, ಆಮೇಲೆ ಮುಂದಿನ ಟೆಸ್ಟ್.

ನಿಜವಾಗ್ಲೂ ಕ್ಯಾಮೇ ಆದ್ರೆ

ಎಕ್ಸಾಸ್ಟ್ ಟೆಸ್ಟುಗಳೆಲ್ಲ ಕ್ಲೀನ್ ಬಂತು, ಟಿಕ್ ಬಿಸಿಯಲ್ಲೂ ಇದೆ, ಜೊತೆಗೆ ಅದೇ ಸಿಲಿಂಡರಲ್ಲಿ ಮಿಸ್ಸಿಂಗೂ ಇದೆ ಅಂದ್ರೆ ಮೊದಲು ಆಯಿಲ್ ಪ್ರೆಶರನ್ನ ಮೆಕ್ಯಾನಿಕಲ್ ಗೇಜಲ್ಲಿ ನೋಡಿ, ಡ್ಯಾಶ್‌ಬೋರ್ಡ್ ಮುಳ್ಳು ನಂಬ್ಬೇಡಿ. ಹಳೇ ಲೆಕ್ಕ, 1000 ಆರ್‌ಪಿಎಂಗೆ 10 ಪಿಎಸ್‌ಐ ಆದ್ರೂ ಇರ್ಬೇಕು. ಎಲ್‌ಎಸ್ ಇಂಜಿನ್ನುಗಳಲ್ಲಿ ಆಯಿಲ್ ಪಿಕಪ್ ಟ್ಯೂಬಿನ ಓ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟು ಪಂಪ್ ಗಾಳಿ ಎಳೆಯೋದೂ ಉಂಟು, ಆಗ ಎಲ್ಲ ಲಿಫ್ಟರೂ ಒಟ್ಟಿಗೆ ಗಲಾಟೆ ಮಾಡುತ್ತೆ.

ಪ್ರೆಶರ್ ಸರಿ ಇದ್ರೆ ವಾಲ್ವ್ ಕವರ್ ಬಿಚ್ಚಿ. ಇದು ಹೆಡ್ ಬಿಚ್ಚೋದಲ್ಲ, ಮನೇಲೇ ಆಗೋ ಕೆಲಸ. ಇಂಜಿನನ್ನ ಕೈಯಲ್ಲಿ ತಿರುಗಿಸ್ತಾ ಒಂದೊಂದು ರಾಕರ್ (ವಾಲ್ವ್ ಒತ್ತೋ ತೋಳು) ಎಷ್ಟು ಕೆಳಗೆ ಹೋಗುತ್ತೆ ಅಂತ ಡಯಲ್ ಗೇಜಲ್ಲಿ ಅಳೀರಿ, ಗೇಜ್ ಇಲ್ಲದಿದ್ರೆ ಕಣ್ಣಲ್ಲೇ ಅಕ್ಕಪಕ್ಕದ ಜೊತೆ ಹೋಲಿಸಿ. ಎಲ್‌ಎಸ್ ರಾಕರ್ ಅನುಪಾತ 1.7, ಹಾಗಾಗಿ ಕ್ಯಾಮ್ ಲೋಬ್ 1 ಮಿಲಿಮೀಟರ್ ಸವೆದ್ರೆ ಇಲ್ಲಿ 1.7 ಕಮ್ಮಿ ಕಾಣುತ್ತೆ, ಅಡಗೋಕೆ ಆಗಲ್ಲ. ಎಕ್ಸಾಸ್ಟ್ ಲೋಬ್ ಪೂರ್ತಿ ಹೋಗಿದ್ರೆ ಸುಟ್ಟ ಗ್ಯಾಸಿಗೆ ಹೊರಗೆ ದಾರಿ ಇಲ್ಲದೆ ಇಂಟೇಕ್ ತೆರೆದಾಗ ಹಿಂದಕ್ಕೆ ನುಗ್ಗಿ ಥ್ರಾಟಲ್ ಕಡೆ ಪಟ್ ಪಟ್ ಅನ್ನುತ್ತೆ. ಇಂಟೇಕ್ ಲೋಬ್ ಹೋಗಿದ್ರೆ ಗಾಳಿನೇ ಒಳಗೆ ಬರದೆ ಕಂಪ್ರೆಷನ್ ಟೆಸ್ಟಲ್ಲಿ ಆ ಸಿಲಿಂಡರ್ ಬಿದ್ದುಹೋಗುತ್ತೆ. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಪೇಪರ್ ಬಿಡಿಸಿ ಬಿಸಿಲಿಗೆ ಹಿಡೀರಿ, ಹೊಳೆಯೋ ಕಬ್ಬಿಣದ ಚೂರು ಅಯಸ್ಕಾಂತಕ್ಕೆ ಅಂಟಿದ್ರೆ ಲಿಫ್ಟರ್ ರೋಲರ್ ಕ್ಯಾಮನ್ನ ಅರೀತಿದೆ, ಇನ್ನು ಒಂದು ಮೈಲಿನೂ ಓಡಿಸ್ಬೇಡಿ, ಆ ಚೂರು ಎಲ್ಲ ಬೇರಿಂಗಿಗೂ ಹೋಗುತ್ತೆ.

ಆಗ ಹೆಡ್ ಬಿಚ್ಚೋದನ್ನ ತಪ್ಪಿಸೋಕಾಗಲ್ಲ, ಎಲ್‌ಎಸ್, ಹೆಮಿ ಎರಡರಲ್ಲೂ ಲಿಫ್ಟರ್ ತೆಗೆಯೋಕೆ ಹೆಡ್ ಹೊರಗೆ ಬರ್ಲೇಬೇಕು. ಹಳೇ ಕ್ಯಾಮ್ ಮೇಲೆ ಹೊಸ ಲಿಫ್ಟರ್, ಹೊಸ ಕ್ಯಾಮ್ ಮೇಲೆ ಹಳೇ ಲಿಫ್ಟರ್, ಎರಡೂ ಬೇಡ, ಎರಡನ್ನೂ ಒಟ್ಟಿಗೆ ಬದಲಾಯಿಸಿ. ಎಎಫ್‌ಎಂ ತೆಗೆಸೋದಾದ್ರೆ ಬರೀ ಲಿಫ್ಟರ್ ಅಲ್ಲ, ಆ ನಾಲ್ಕು ಸಿಲಿಂಡರಿನ ಲೋಬ್ ಆಕಾರವೇ ಬೇರೆ ಇರೋದ್ರಿಂದ ಕ್ಯಾಮೂ ಬೇರೆ ಬೇಕು, ಟ್ಯೂನೂ ಬೇಕು.

ನನ್ನ ಬೋಲ್ಟಿನ ಕಥೆಗೆ ಬರ್ತೀನಿ. ಮುರಿದ ತುಂಡು ಹೆಡ್ಡಿಂದ ಸ್ವಲ್ಪ ಹೊರಗೆ ಕಾಣ್ತಿತ್ತು, ಅದು ಅದೃಷ್ಟ. ಮೂರು ದಿನ ತುಕ್ಕು ಬಿಡಿಸೋ ಆಯಿಲ್ ಹಾಕಿ, ಆಮೇಲೆ ವೆಲ್ಡಿಂಗ್ ಬರೋ ಗೆಳೆಯನನ್ನ ಕರೆಸಿ ಆ ತುಂಡಿನ ಮೇಲೆ ಒಂದು ನಟ್ ಕೂರ್ಸಿ ವೆಲ್ಡ್ ಮಾಡ್ಸಿದೆ, ಆ ಬಿಸಿಗೇ ಹಿಡಿತ ಬಿಟ್ಟಿತ್ತು, ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸ್ತಾ ನಿಧಾನ ತೆಗೆದ್ವಿ. ಒಳಗೇ ಮುರಿದಿದ್ರೆ ಸೀದಾ ಡ್ರಿಲ್ ಹಾಕೋಕೆ ಹೋಗ್ಬೇಡಿ, ಡ್ರಿಲ್ ಸ್ವಲ್ಪ ಜಾರಿದ್ರೂ ಅಲ್ಯೂಮಿನಿಯಂ ಹೆಡ್ ಹಾಳು, ಅದಕ್ಕೆ ಗೈಡ್ ಪ್ಲೇಟ್ ಸಿಗುತ್ತೆ, ಹೆಡ್ಡಿನ ಹಿಂದಿನ ತೂತಿಗೆ ಕೂರಿಸಿ ಮ್ಯಾನಿಫೋಲ್ಡ್ ಒತ್ತಿ ಹಿಡಿಯೋ ಕ್ಲ್ಯಾಂಪೂ ಸಿಗುತ್ತೆ. ಹಳೇ ಗ್ಯಾಸ್ಕೆಟ್ ವಾಪಸ್ ಹಾಕ್ಬೇಡಿ. ಸ್ಕೇಲ್ ಇಟ್ಟು ಮ್ಯಾನಿಫೋಲ್ಡ್ ಬಾಗಿದ್ಯಾ ನೋಡಿ, ಬಾಗಿದ್ರೆ ಹೊಸ ಬೋಲ್ಟೂ ಮುರಿಯುತ್ತೆ. ಎಲ್‌ಎಸ್ ಇಂಜಿನ್ನಿಗೆ ಟೈಟ್ ಮಾಡೋದು ನಡುವಿನಿಂದ ತುದಿಗೆ, ಮೊದಲ ಸುತ್ತು 15 ನ್ಯೂಟನ್ ಮೀಟರ್, ಎರಡನೇ ಸುತ್ತು 25, ಬೇರೆ ಇಂಜಿನ್ ಆದ್ರೆ ಅದರ ಸರ್ವಿಸ್ ಮ್ಯಾನ್ಯುಯಲ್ ನೋಡ್ಕೊಳ್ಳಿ. ನಂಗೆ ಬೋಲ್ಟು, ಗ್ಯಾಸ್ಕೆಟ್ ಎಲ್ಲ ಸೇರಿ 70 ಡಾಲರ್ ಒಳಗೆ ಮುಗೀತು.

ಮಾರನೇ ದಿನ ಬೆಳಿಗ್ಗೆ ಅದೇ ಮೈನಸ್ ಚಳೀಲಿ ಸೆಲ್ಫ್ ಹೊಡೆದೆ, ಗುಡುಗುಡು ಒಂದೇ ಇತ್ತು. ಕೂಡ್ಲೇ ಫೋನ್ ತೆಗೆದು ಎರಡು ನಿಮಿಷ ರೆಕಾರ್ಡ್ ಮಾಡ್ಕೊಂಡೆ, ತಣ್ಣಗಿರೋವಾಗ ಒಂದು, ಬಿಸಿ ಆದ್ಮೇಲೆ ಒಂದು, ಬಾನೆಟ್ ಹತ್ರ ಒಂದು, ಹಿಂದೆ ಸೈಲೆನ್ಸರ್ ಹತ್ರ ಒಂದು. ನಿಮ್ಮ ಟ್ರಕ್ ಈಗ ಚೆನ್ನಾಗಿದ್ರೆ ನೀವೂ ಈ ನಾಲ್ಕು ರೆಕಾರ್ಡಿಂಗ್ ಇವತ್ತೇ ಮಾಡಿ ಇಟ್ಕೊಳ್ಳಿ, ಮುಂದೆ ಯಾವತ್ತಾದ್ರೂ ಹೊಸ ಸದ್ದು ಬಂತು ಅನ್ನಿಸಿದ್ರೆ ಹೋಲಿಸಿ ನೋಡೋಕೆ ನಿಮ್ಮ ಗಾಡೀದೇ ಸೌಂಡ್ ಕೈಯಲ್ಲಿರುತ್ತೆ.